ಹೊತ್ತು ಮುಳುಗುವುದರೊಳಗೆ ಆಯಿಗೆ ಉಣಿಸಬೇಕಿತ್ತು

ಮೇದೋಜೀರಕ ಗ್ರಂಥಿಯ ಆಪರೇಷನ್ ಮಾಡಿಸಿಕೊಂಡು ಬಂದವರಿಗೆ ಏನು ತಿನ್ನಿಸಬೇಕು ಅಂತ ನಮ್ಮ ಕಡೆ ಯಾವ ಓಣಿಯಲ್ಲಾದರೂ ನಿಂತು ಕೇಳಿ ನೋಡಿ. ಆಹಾರ ತಜ್ಞರು ಸಾಲುಗಟ್ಟಿ ಸಿಗುತ್ತಾರೆ. ಒಬ್ಬರು ತುಪ್ಪದ ಶಿರಾ ಅನ್ನುತ್ತಾರೆ, ಇನ್ನೊಬ್ಬರು ಬದಾಮಿ ಹಾಲು ಅನ್ನುತ್ತಾರೆ, ಐಗಳಿಯಿಂದ ನೋಡಲು ಬಂದ ಬೀಗರು ಅಂಟಿನುಂಡಿಯ ಡಬ್ಬಿಯನ್ನೇ ತಂದು ಹಾಸಿಗೆಯ ಪಕ್ಕ ಇಟ್ಟುಬಿಡುತ್ತಾರೆ. ನಿಪ್ಪಾಣಿಯ ಆಸ್ಪತ್ರೆಯಲ್ಲಿ ಇದೇ ಕೆಲಸ ಮಾಡುವ ನಾನೊಬ್ಬಳು ಬೇಡ ಅಂದರೆ, "ಇಕಿಗೇನ ಗೊತ್ತು, ಇಕಿನs ಕಡ್ಡಿ ಆಗ್ಯಾಳ" ಅನ್ನುತ್ತಾರೆ. ಇರಲಿ. ನಾನು ಕಡ್ಡಿಯೋ ಕಂಬವೋ ನನ್ನ ಪ್ರೊಫೈಲ್ ಫೋಟೋ ನೋಡಿದವರಿಗೆ ಗೊತ್ತಿದೆ.

ಇದು ಬೋರಗಾಂವದ ಒಬ್ಬ ಆಯಿಯ, ಅಂದರೆ ವಯಸ್ಸಾದ ತಾಯಿಯ, ಕಥೆ. ಬರೆಯಲೇ ಅಂತ ಅವರನ್ನೇ ಕೇಳಿದೆ. "ಬರೀರಿ. ಹೆಸರ ಮಾತ್ರ ಹಾಕಬ್ಯಾಡ್ರಿ. ಫೋಟೋ ಅಂತೂ ಬ್ಯಾಡs ಬ್ಯಾಡ, ನನ್ನ ಮಾರಿ ಒಣಗಿದ ಹೀರಿಕಾಯಿ ಆಗೇತಿ" ಅಂದರು. ಹಾಗಾಗಿ ಇಲ್ಲಿ ಯಾರಿಗೂ ಹೆಸರಿಲ್ಲ.

ಶುರುವಾಗಿದ್ದು ಸೊಸೆಯ ಫೋನಿನಿಂದ; ನನ್ನ ನಂಬರನ್ನು ಆಪರೇಷನ್ ಮಾಡಿದ ಡಾಕ್ಟರು ಕೊಟ್ಟಿದ್ದರು. "ಮೇಡಮ್ರ, ಅತ್ತಿ ಹೊಟ್ಟ್ಯಾನ ನಳಿಗಿ ಕಟ್ಟೇತ್ರಿ. ಒಂದ ಹನಿನೂ ಒಳಗ ಹೋಗವಲ್ದು."

ಬೆಳಗಾವಿಯ ಸರ್ಜನ್ ಆಯಿಯ ಮೇದೋಜೀರಕದ ತಲೆಭಾಗವನ್ನು ಗಡ್ಡೆಯ ಸಮೇತ ತೆಗೆದಿದ್ದರು. ಆ ಭಾಗ ಒಂದೇ ಹೋಗುವುದಿಲ್ಲ. ಜೊತೆಗೆ ಸಣ್ಣ ಕರುಳಿನ ಮೊದಲ ತುಂಡು, ಪಿತ್ತನಾಳದ ಸ್ವಲ್ಪ, ಜಠರದ ಕೆಳಭಾಗ ಎಲ್ಲವೂ ಹೋಗುತ್ತವೆ; ಉಳಿದದ್ದನ್ನು ಒಂದಕ್ಕೊಂದು ಹೊಲಿಯುತ್ತಾರೆ. ಅದಾದ ಮೇಲೆ ಹೊಟ್ಟೆ ಮುಷ್ಕರ ಹೂಡುವುದು ಸಾಮಾನ್ಯ. ನಾಲ್ಕು ಚಮಚ ತಿಂದರೂ ವಾಂತಿ. ಅದಕ್ಕೇ ಆಪರೇಷನ್ ಮಾಡುವಾಗಲೇ ಹೊಟ್ಟೆಯ ಗೋಡೆಯ ಮೂಲಕ ಸಣ್ಣ ಕರುಳಿಗೆ ಒಂದು ತೆಳು ಟ್ಯೂಬ್ ಇಟ್ಟಿರುತ್ತಾರೆ. ಬಾಯಿ ಸೋತರೆ ಟ್ಯೂಬ್ ಉಣಿಸುತ್ತದೆ.

ಗಡ್ಡೆ ಕ್ಯಾನ್ಸರಿನದು. ಆಪರೇಷನ್ ಚೆನ್ನಾಗಿ ಆಗಿತ್ತು, ಆದರೆ ಮೇಲೆ ಕೀಮೋ ಕೊಡಲೇಬೇಕಿತ್ತು. ಸರ್ಜನ್ ಕಡ್ಡಿ ಮುರಿದಂತೆ ಹೇಳಿದ್ದರು: ತೂಕ ಇಳಿಯುವುದು ನಿಂತ ಮೇಲೇ ಕೀಮೋ. ಇಳಿಯುತ್ತಲೇ ಹೋದರೆ ಆ ದೇಹ ಅದನ್ನು ತಡೆದುಕೊಳ್ಳುವುದಿಲ್ಲ. ಬಹಳ ತಡಮಾಡಿ ಕೊಟ್ಟರೆ ಪ್ರಯೋಜನವಿಲ್ಲ. ಆಯಿಯ ತೂಕ ಇಳಿಯುತ್ತಲೇ ಇತ್ತು.

ಸ್ಕೂಟಿ ಹತ್ತಿ ಹೋದೆ. ಮನೆಗೆ ಅಂಟಿಕೊಂಡೇ ಪವರ್‌ಲೂಮ್ ಶೆಡ್ಡು, ಒಳಗೆ ಕೂತವರು ಮಗ್ಗದ ಸದ್ದಿನ ಮೇಲೆ ಕೂಗಿಯೇ ಮಾತಾಡಬೇಕು. ಆಯಿ ದಿಂಬಿಗೆ ಒರಗಿದ್ದರು. ಸುತ್ತ ದಿಗ್ಗೇವಾಡಿಯಿಂದ ಬಂದ ನಾಲ್ಕು ಹೆಂಗಸರು ಟ್ಯೂಬನ್ನೇ ದಿಟ್ಟಿಸಿ ನೋಡುತ್ತಿದ್ದರು. ಮೊದಲು ಅವರನ್ನು ಹೊರಗೆ ಕಳಿಸಿದೆ.

"ಟ್ಯೂಬಿನೊಳಗೆ ಏನು ಹಾಕಿದಿರಿ?"

ಮಗ ಹೆಮ್ಮೆಯಿಂದ ಹೇಳಿದ. "ಜ್ವಾಳದ ಗಂಜ್ರಿ. ಡಬ್ಬಿ ಪುಡಿಯಾಗ ಏನ್ ಬಲ ಇರತೈತ್ರಿ? ತೆಳ್ಳಗ ಕುದಿಸಿ, ನಮ್ಮ ಮಗ್ಗದ ಬಟ್ಟಿ ಎರಡ ಪದರ ಮಾಡಿ ಸೋಸೇವ್ರಿ. ಒಂದ ಕಣ ಬಂದಿದ್ರ ಕೇಳ್ರಿ."

ಜೈನರ ಮನೆ. ನೀರನ್ನೂ ಎರಡು ಪದರ ಬಟ್ಟೆಯಲ್ಲಿ ಸೋಸದೆ ಕುಡಿಯುವವರಲ್ಲ. ಮೇಲೆ ನೇಕಾರಿಕೆ, ಬಟ್ಟೆಗೆ ಬರವಿಲ್ಲ. ಸೋಸಿದ್ದೆಲ್ಲ ಶುದ್ಧ, ಶುದ್ಧವಾದದ್ದೆಲ್ಲ ಟ್ಯೂಬಿನಲ್ಲಿ ಹೋಗುತ್ತದೆ ಅಂತ ಲೆಕ್ಕ. ಕಣ ಬಂದಿರಲಿಲ್ಲ, ನಿಜ. ಆದರೆ ಗಂಜಿ ತಣಿದರೆ ಅಂಟಾಗುತ್ತದೆ. ಅದೇ ಗಂಜಿಯಿಂದ ನೂಲಿಗೆ ಬಿಗಿ ಬರಿಸುವ ಮನುಷ್ಯ ಅದನ್ನು ಮರೆತಿದ್ದ.

"ನೂಲಿಗೆ ಹಚ್ಚೋದನ್ನ ಅವ್ವನ ಕರುಳಿಗೆ ಹಚ್ಚೀಯಲ್ಲೋ" ಅಂದೆ. ಆಯಿ ಹೊಟ್ಟೆ ಹಿಡಿದುಕೊಂಡೇ ನಕ್ಕರು.

ಟ್ಯೂಬ್ ಬಿಡಿಸುವುದು ತಾಳ್ಮೆಯ ಕೆಲಸ. ಉಗುರು ಬೆಚ್ಚಗಿನ ನೀರು, ಸಿರಿಂಜು. ಸ್ವಲ್ಪ ಒತ್ತಬೇಕು, ಸ್ವಲ್ಪ ಎಳೆಯಬೇಕು, ನೀರನ್ನು ಒಳಗೇ ನಿಲ್ಲಿಸಿ ನೆನೆಯಲು ಬಿಡಬೇಕು, ಮತ್ತೆ ಒತ್ತಬೇಕು. ಜೋರು ಮಾಡಿದರೆ ಟ್ಯೂಬ್ ಒಡೆಯುತ್ತದೆ; ಒಡೆದರೆ ಬೆಳಗಾವಿ. ತಂತಿ ಹಾಕಿ ಚುಚ್ಚಿ ನೋಡೋಣವೇ ಅಂತ ಮಗ ಕೇಳಿದ. ಅವನನ್ನೂ ಹೊರಗೆ ಕಳಿಸಿದೆ. ಕೈ ಸೋತುಹೋದ ಮೇಲೆ, ಸಿರಿಂಜಿನ ಒತ್ತುಕಡ್ಡಿ ಬೆರಳಿನ ಕೆಳಗೆ ಮೆಲ್ಲಗೆ ಸರಿಯಿತು. ನೀರು ಹೋಯಿತು. ಸೊಸೆ ಗೋಡೆಗೆ ಒರಗಿ ಉಸಿರುಬಿಟ್ಟಳು.

ಆಮೇಲೆ ನನ್ನ ಯೋಜನೆ ಹೇಳಿದೆ. ಹಗಲು ಬಾಯಿಂದ ಸ್ವಲ್ಪ ಸ್ವಲ್ಪ ಊಟ. ರಾತ್ರಿ ಮಲಗಿದಾಗ ಡಬ್ಬಿಯ ಪುಡಿ ಕಲಸಿದ ದ್ರವ ಟ್ಯೂಬಿನಿಂದ ಹನಿಹನಿಯಾಗಿ. ಎಲ್ಲ ಕಡೆ ಹೀಗೇ ಮಾಡುವುದು. ರಾತ್ರಿ ಉಣಿಸಿದರೆ ಹಗಲು ಹಸಿವೂ ಆಗುತ್ತದೆ, ಓಡಾಡಲೂ ಬರುತ್ತದೆ.

ಆಯಿ ಮೆಲ್ಲಗೆ ಕೇಳಿದರು. "ಹೊತ್ತ ಮುಳುಗಿದ ಮ್ಯಾಲೇನ್ರಿ?"

"ಹೌದು ಆಯಿ. ಬಾಯಿಂದ ಅಲ್ಲವಲ್ಲ."

"ಬಾಯಾಗ ಹೋದ್ರೇನ, ಹೊಟ್ಟ್ಯಾಗ ಹೋದ್ರೇನ ಬಾಯಾರ, ಊಟ ಊಟನs. ಮದವಿ ಆಗಿ ಈ ಮನಿಗೆ ಬಂದಾಗಿಂದ ನಾ ರಾತ್ರಿ ಉಂಡಾಕಿ ಅಲ್ಲ. ಈಗ ಕಳ್ಳ ಬಾಗಲಿಂದ ಉಣ್ಣಲೇನು?"

ನಾನು ಹೊರಡುವಾಗ ಮಗ ಬಾಗಿಲವರೆಗೆ ಬಂದು ಪಿಸುಗುಟ್ಟಿದ. "ಮೇಡಮ್ರ, ಅವ್ವ ಮಲ್ಕೊಂಡ ಮ್ಯಾಲ ನಾ ಹಚ್ಚತೀನ್ರಿ. ಮುಂಜಾನೆ ಏಳೂದ್ರಾಗ ತಗದಬಿಡ್ತೀನಿ."

"ಬೇಡ" ಅಂದೆ.

"ಯಾಕ್ರಿ?"

"ಎಚ್ಚರ ಇರುವಾಗ ಬೇಡ ಅಂದವರಿಗೆ ನಿದ್ದೆಯಲ್ಲಿ ಉಣಿಸುವುದು ನನ್ನ ಕೆಲಸ ಅಲ್ಲ ತಮ್ಮಾ."

ಟ್ಯೂಬಿನ ಊಟವನ್ನು ಬೆಳಗ್ಗೆ ಒಂದು ಹೊತ್ತು, ಮಧ್ಯಾಹ್ನ ಒಂದು ಹೊತ್ತು ಅಂತ ಹಗಲಿಗೆ ತಂದೆ. ನಡುವೆ ಬಾಯೂಟ. ಮೆತ್ತಗಿನ ಅನ್ನ, ಹೆಸರುಬೇಳೆ ಕಟ್ಟು, ನೀರು ಮಜ್ಜಿಗೆ. ಜೊತೆಗೆ ಸರ್ಜನ್ ಬರೆದುಕೊಟ್ಟ ಕ್ಯಾಪ್ಸೂಲು. ಕತ್ತರಿಸಿದ ಮೇದೋಜೀರಕ ಜೀರ್ಣರಸವನ್ನು ಸಾಕಷ್ಟು ಸುರಿಸುವುದಿಲ್ಲ. ಆ ರಸವನ್ನು ಕ್ಯಾಪ್ಸೂಲಿನಲ್ಲಿ ಕೊಡುತ್ತಾರೆ. ಅದಿಲ್ಲದಿದ್ದರೆ ತಿಂದ ಕೊಬ್ಬು ಹಾಗೇ ಹೊರಗೆ.

ಮುಂದಿನ ಸಲ ತೂಗಿದಾಗ ಮುಳ್ಳು ಮತ್ತೆ ಕೆಳಗೆ. ನನಗೆ ಅರ್ಥವಾಗಲಿಲ್ಲ. ಸೊಸೆಯನ್ನು ಪಕ್ಕಕ್ಕೆ ಕರೆದು ಸಂಡಾಸದ ವಿಷಯ ಕೇಳಿದೆ. ಮುಖ ಹಿಂಡುವವರು ಹಿಂಡಿರಿ, ನನ್ನ ಕೆಲಸದಲ್ಲಿ ಅರ್ಧ ಸತ್ಯ ಅಲ್ಲೇ ಇರುತ್ತದೆ.

"ಜಿಡ್ಡ ಜಿಡ್ಡ ಐತ್ರಿ. ತೇಲತೈತಿ. ಎಷ್ಟ ನೀರ ಹಾಕಿದ್ರೂ ಹೋಗಂಗಿಲ್ರಿ."

"ಕ್ಯಾಪ್ಸೂಲ್ ಯಾವಾಗ ಕೊಡುತ್ತೀ?"

"ಊಟಾ ಆಗಿ ಸ್ವಲ್ಪ ಅಡ್ಡಾದ ಮ್ಯಾಲ್ರಿ. ಎಲ್ಲಾ ಗುಳಿಗಿ ಕೂಡೇ."

ಸಿಕ್ಕಿತು. ಊಟ ಮುಂದೆ ಹೋದ ಮೇಲೆ ರಸ ಹಿಂದೆ ಬಂದರೆ ಏನು ಫಲ? ಮದುವೆ ಮುಗಿದ ಮೇಲೆ ಭಟ್ಟರು ಬಂದಂತೆ. ಮರುದಿನ ಮಧ್ಯಾಹ್ನದ ಊಟಕ್ಕೆ ನಾನೇ ಎದುರು ಕುಳಿತೆ. "ಆಯಿ, ಇದು ಬೇರೆ ಗುಳಿಗೆಯಂತಲ್ಲ. ಮೊದಲ ತುತ್ತಿನ ಜೊತೆ ಒಂದು, ಊಟದ ನಡುವೆ ಒಂದು. ಅನ್ನದ ಜೊತೆ ಇದು ಒಳಗೆ ಕೂಡಬೇಕು."

ತುತ್ತು ಹಿಡಿದ ಕೈ ನಿಂತಿತು. ಆಯಿ ಕ್ಯಾಪ್ಸೂಲನ್ನು ಬೆಳಕಿಗೆ ಹಿಡಿದು ನೋಡಿದರು.

"ಅನ್ನದಾಗ ಕೂಡೂದಂದ್ರ ಇದೂ ಊಟನs ಆತಲ್ಲ. ಏನ್ ಹಾಕಿ ಮಾಡ್ಯಾರ್ರಿ ಇದನ್ನ?"

ಆಯಿಯ ಬೆನ್ನ ಹಿಂದೆ ನಿಂತಿದ್ದ ಮಗ ನನಗೆ ಮಾತ್ರ ಕಾಣುವಂತೆ ಕೈ ಆಡಿಸಿದ. ಬೇಡ, ಬೇಡ. ಅವನಿಗೆ ಗೊತ್ತಿತ್ತು. ಪೊಟ್ಟಣದ ಮೇಲಿನ ಅಕ್ಷರ ಓದಿ, ಕ್ಯಾಪ್ಸೂಲುಗಳನ್ನು ಬೇರೆ ಸೀಸೆಗೆ ಸುರಿದಿದ್ದವನೇ ಅವನು.

ಇಲ್ಲಿ ನನ್ನ ಪರಿಸ್ಥಿತಿ ಕೇಳಿ. 'ಕಂಪನಿಯವರಿಗೇ ಗೊತ್ತು ಆಯಿ' ಅಂದಿದ್ದರೆ ಮುಗಿಯುತ್ತಿತ್ತು. ಕ್ಯಾಪ್ಸೂಲು ಸರಿಯಾದ ಹೊತ್ತಿಗೆ ಹೋಗಿ, ತೂಕ ನಿಂತು, ಕೀಮೋ ಶುರುವಾಗಿ, ನಾನೂ ಹೊಗಳಿಸಿಕೊಳ್ಳುತ್ತಿದ್ದೆ. ಸತ್ಯ ಹೇಳಿದರೆ ಆಯಿ ಅದನ್ನು ಬಿಡುತ್ತಾರೆ ಅನ್ನುವುದರಲ್ಲಿ ನನಗೆ ಸಂಶಯವೇ ಇರಲಿಲ್ಲ. ಬಿಟ್ಟರೆ ತೂಕ ಇಳಿಯುತ್ತದೆ. ಆದರೆ ಇದು ಹಾಸಿಗೆಯಲ್ಲಿ ಬಿದ್ದ ದೇಹ ಕೇಳಿದ ಪ್ರಶ್ನೆ ಅಲ್ಲ. ತಾನು ಏನು ಉಣ್ಣುತ್ತೇನೆ ಅನ್ನುವುದನ್ನು ಬದುಕಿಡೀ ನೋಡಿ ಉಂಡ ಹೆಂಗಸು ನನ್ನ ಮುಖ ನೋಡಿ ಕೇಳಿದ ಪ್ರಶ್ನೆ.

"ಹಂದಿಯ ಗ್ರಂಥಿಯಿಂದ ತೆಗೆಯುತ್ತಾರೆ ಆಯಿ."

ಶೆಡ್ಡಿನಲ್ಲಿ ಮಗ್ಗಗಳು ಬಡಿಯುತ್ತಲೇ ಇದ್ದವು. ಆಯಿ ಕ್ಯಾಪ್ಸೂಲನ್ನು ಕೆಳಗಿಟ್ಟು, ತಾಟಿನಲ್ಲೇ ಕೈ ತೊಳೆದರು.

"ಯಾರಿಗೆ ಗೊತ್ತಿತ್ತು?"

"ನನಗ, ಅವ್ವಾ" ಅಂದ ಮಗ.

"ನಿನ್ನ ಮ್ಯಾಲ ಸಿಟ್ಟಿಲ್ಲ ಬಾಳಾ. ನಾ ಉಳೀಲಿ ಅಂತ ಮಾಡೀ. ಆದ್ರ ನನ್ನ ಬಾಯಿ ನಂದಲ್ಲೇನು?"

ಅಂಗಳಕ್ಕೆ ಬಂದಾಗ ಮಗ ನನ್ನ ಸ್ಕೂಟಿಯ ಹ್ಯಾಂಡಲ್ ಹಿಡಿದು ನಿಂತ. ಕಣ್ಣು ಕೆಂಪಾಗಿದ್ದವು. "ನಿಮ್ಮ ಖರೇತನ ನಿಮಗs ಇರ್ಲಿ ಮೇಡಮ್ರ. ನನಗ ನಮ್ಮವ್ವ ಬೇಕ್ರಿ. ಈಗ ಏನ್ ಮಾಡತೀರಿ, ಹೇಳ್ರಿ."

"ಸರ್ಜನ್‌ಗೆ ಫೋನ್ ಮಾಡುತ್ತೇನೆ" ಅಂದೆ.

ಮಾಡಿದೆ. ಸರ್ಜನ್ ಮೊದಲು ಕೂಗಾಡಿದರು. "ಏನ್ ಮೇಡಮ್, ಅದನ್ನ ಬಿಟ್ರ ಪಚನ ಹ್ಯಾಂಗ ಆಗಬೇಕು? ಎಷ್ಟ ಮಂದಿ ಇದನ್ನ ತಗೋತಾರ, ಯಾರರ ಕೇಳ್ಯಾರೇನು?" ಅಂದರು. "ಇವರು ಕೇಳಿದರು ಸರ್" ಅಂದೆ. ಅವರ ದನಿ ಬದಲಾಯಿತು.

"ಟ್ಯೂಬ್ ಚೊಲೋ ಐತೇನು?"

"ಇದೆ ಸರ್."

"ಹಂಗಾರ ಅದರ ಮ್ಯಾಲs ನಡಸ್ರಿ. ಮೊದಲs ಒಡದ ಇಟ್ಟ ಪ್ರೋಟೀನಿನ ಪುಡಿ ಹಾಕ್ರಿ. ಅದಕ್ಕ ರಸ ಭಾಳ ಬೇಕಾಗಂಗಿಲ್ಲ. ಆದ್ರ ಎಲ್ಲಾ ಹಗಲೊತ್ತಿನಾಗs ಹೋಗಬೇಕು ಅಂದ್ರ ದಿನಪೂರ್ತಿ ಹಚ್ಚಿರಬೇಕಾಗತೈತಿ. ಆ ಆಯಿ ತಡಕೋತಾರೇನು?"

ಅದನ್ನೇ ಆಯಿಯ ಮುಂದಿಟ್ಟೆ. ಈ ಸಲ ಕೇಳುವ ಮುಂಚೆಯೇ ಹೇಳಿದೆ. ಪುಡಿಯ ಡಬ್ಬಿಯ ಮೇಲೆ ಹಸಿರು ಚುಕ್ಕೆ ಇದೆ; ಅಷ್ಟಕ್ಕೇ ನಂಬದೆ, ಪ್ರೋಟೀನನ್ನು ಒಡೆಯಲು ಏನು ಬಳಸುತ್ತಾರೆ ಅಂತ ಕಂಪನಿಗಳಿಗೆ ಫೋನ್ ಹಚ್ಚಿ, ಪ್ರಾಣಿಯದ್ದು ಬಳಸದವರದ್ದನ್ನೇ ಆರಿಸಿದ್ದೇನೆ. ಒಳಗಿರುವುದು ಹಾಲಿನ ಪ್ರೋಟೀನು, ಗೋವಿನಜೋಳದ ಪಿಷ್ಟ, ತೆಂಗಿನೆಣ್ಣೆಯಿಂದ ತೆಗೆದ ಕೊಬ್ಬು. ಎಲ್ಲವನ್ನೂ ಸಣ್ಣಗೆ ಒಡೆದಿರುತ್ತಾರೆ, ಅಗಿದು ಕೊಟ್ಟಂತೆ.

"ಯಾರ ಅಗದಾರ್ರಿ?" ಅಂದರು ಆಯಿ ಗಾಬರಿಯಿಂದ.

"ಮಷೀನು, ಆಯಿ."

"ಹಾಂ, ಮತ್ತ! ಈ ವಯಸ್ಸಿನಾಗ ಮಂದಿ ಎಂಜಲಾ ತಿನಸ್ತೀರೇನೋ ಅಂದ್ಕೊಂಡ್ನಿ."

ಬಾಯಿಂದ ತಿನ್ನುವ ಸ್ವಲ್ಪಕ್ಕೆ ಬೂಷ್ಟಿನಿಂದ ತೆಗೆದ ಜೀರ್ಣರಸದ ಗುಳಿಗೆಯೂ ಇದೆ, ಹಂದಿಯದ್ದರಷ್ಟು ಬಲವಿಲ್ಲ, ಬೂಷ್ಟೂ ಜೀವವೇ ಅಂತ ನನಗೆ ಗೊತ್ತು ಅಂದೆ. ಆಯಿ ಬೆರಳು ಮಡಚುತ್ತಾ ಲೆಕ್ಕ ಹಾಕಿದರು.

"ಬೂಷ್ಟು ಏಕೇಂದ್ರಿಯ" ಅಂದರು ಕೊನೆಗೆ. "ಒಂದs ಇಂದ್ರಿಯದ ಜೀವ. ಹಂದಿ ಪಂಚೇಂದ್ರಿಯ, ನಮ್ಮ ನಿಮ್ಮಂಗ ಅದಕ್ಕೂ ಐದೂ ಅದಾವ. ರೋಗ ಬಂದೈತಿ ಅಂತ ಏಕೇಂದ್ರಿಯದ್ದ ತಗೋತೀನಿ, ಅದಕ್ಕ ಪ್ರಾಯಶ್ಚಿತ್ತ ಮುನಿಗೋಳ ಮುಂದ ಕೇಳ್ಕೋತೀನಿ. ಅದರ ಮ್ಯಾಲಿಂದು ನನ್ನಿಂದ ಆಗಂಗಿಲ್ಲ. ಟ್ಯೂಬು ದಿನಾಪೂರ್ತಿ ಹಚ್ಚರಿ. ನಾ ಸಾಯಾಕ ಹೊಂಟಾಕಿ ಅಲ್ಲ. ಉಳೀಬೇಕಂತನs ಬೆಳಗಾವಿ ತನಕ ಹೋಗಿ ಹೊಟ್ಟಿ ಕೊಯ್ಸ್ಕೊಂಡೀನಿ."

ನಾನು ಎಷ್ಟೋ ಕುಟುಂಬಗಳ ಜೊತೆ ವಾದ ಮಾಡಿದ್ದೇನೆ. ಹಟ ಮಾಡುವ ರೋಗಿಗಳನ್ನು ಕಂಡಿದ್ದೇನೆ, ಎಲ್ಲದಕ್ಕೂ ಹೂಂ ಅಂದು ಏನೂ ಮಾಡದವರನ್ನೂ ಕಂಡಿದ್ದೇನೆ. ಎಲ್ಲಿಯವರೆಗೆ ಬರುತ್ತೇನೆ, ಎಲ್ಲಿ ನಿಲ್ಲುತ್ತೇನೆ ಅಂತ ಇಷ್ಟು ಸ್ಪಷ್ಟವಾಗಿ ಗೆರೆ ಎಳೆದು, ಗೆರೆಯ ಈಚೆಗಿನ ಕಷ್ಟವನ್ನೆಲ್ಲ ತಾನೇ ಹೊತ್ತುಕೊಂಡವರನ್ನು ಕಂಡಿರಲಿಲ್ಲ.

ಕಷ್ಟ ಅಂದೆನಲ್ಲ, ಅದು ಮೊದಲ ವಾರವೇ ಬಂತು. ಚಳಿಗಾಲ, ಹಗಲು ಗಿಡ್ಡ. ಅಷ್ಟನ್ನೂ ಬೆಳಕಿನೊಳಗೆ ಮುಗಿಸಲು ಹನಿಯ ವೇಗ ಹೆಚ್ಚಿಸಿದೆ. ಕರುಳು ಸಿಟ್ಟಾಯಿತು. ಹೊಟ್ಟೆ ನುಲಿತ, ಬೆವರು, ಭೇದಿ. ಆಯಿ ಒಂದು ಮಾತೂ ಅನ್ನದೆ ಮಂಚದ ಪಟ್ಟಿ ಹಿಡಿದು ಕುಳಿತಿದ್ದರು. ಸೊಸೆ ಹೇಳಿದ್ದರಿಂದ ನನಗೆ ಗೊತ್ತಾಯಿತು. ವೇಗ ಇಳಿಸಿದೆ. ಇಳಿಸಿದರೆ ಹೊತ್ತು ಸಾಲದು. ಪುಡಿಯನ್ನು ಸ್ವಲ್ಪ ಗಟ್ಟಿ ಕಲಸಿದರೆ ಕಡಿಮೆ ದ್ರವದಲ್ಲಿ ಹೆಚ್ಚು ಊಟ ಹೋಗುತ್ತದೆ, ಆದರೆ ಗಟ್ಟಿಯಾದರೆ ಟ್ಯೂಬ್ ಕಟ್ಟುವ ಭಯ. ಒಂದು ದಿನ ಒಂದಿಷ್ಟು ಗಟ್ಟಿ, ಹೊಟ್ಟೆ ಒಪ್ಪಿದರೆ ಮಾತ್ರ ಮತ್ತೊಂದಿಷ್ಟು. ನಡುನಡುವೆ ಕುದಿಸಿ ಆರಿಸಿದ ನೀರಿನಿಂದ ಟ್ಯೂಬ್ ತೊಳೆಯುವುದು. ಸಂಜೆ ಅಂತೂ ಇನ್ನೂ ಜಾಗ್ರತೆ, ಏಕೆಂದರೆ ಹೊತ್ತು ಮುಳುಗಿದರೆ ನೀರೂ ಇಲ್ಲ. ಒಳಗೆ ಉಳಿದದ್ದು ಬೆಳಗಿನವರೆಗೆ ಒಣಗಿ ಕೂರುತ್ತದೆ.

ಸೂರ್ಯ ಹುಟ್ಟಿದ ಮೇಲೂ ಕೆಲ ಹೊತ್ತು ಬಿಟ್ಟು ಬಾಯಿ ತೆರೆಯುವುದು ಆಯಿಯ ರೂಢಿ. "ಅಷ್ಟ ಬಿಟ್ಟ ಕೊಡತೀನಿ ಬಾಯಾರ, ಸೂರ್ಯಾ ಕಂಡ ಕೂಡಲೇ ಹಚ್ಚರಿ" ಅಂದರು. ಸೊಸೆ ಪ್ರತಿದಿನ ಬೆಳಗ್ಗೆ ದ್ರವ ಕಲಸಿಟ್ಟುಕೊಂಡು ಮಾಳಿಗೆ ಹತ್ತಿ ನಿಲ್ಲುತ್ತಿದ್ದಳು. ಕಬ್ಬಿನ ಗದ್ದೆಯ ಆಚೆ ಕೆಂಪು ಕಂಡರೆ ಅಲ್ಲಿಂದಲೇ ಕೆಳಗಿದ್ದ ಗಂಡನಿಗೆ "ಬಂದಾ, ಹಚ್ಚರಿ!" ಅಂತ ಕೂಗು. ಪಕ್ಕದ ಮನೆಯವರು ಅದನ್ನು ಕೇಳಿ ಹಾಸಿಗೆ ಬಿಟ್ಟು ಏಳುತ್ತಿದ್ದರಂತೆ.

ನನ್ನ ಜೊತೆ ಮಾತು ಬಿಟ್ಟಿದ್ದ ಮಗ ಒಂದು ದಿನ ಏನನ್ನೋ ಉರುಳಿಸಿಕೊಂಡು ಬಂದ. ಶೆಡ್ಡಿನಲ್ಲಿ ನೂಲಿನ ಕೋನು ಸಾಗಿಸುವ ಗಾಲಿಗಾಡಿ. ಅದಕ್ಕೆ ಒಂದು ಪೈಪು ವೆಲ್ಡ್ ಮಾಡಿಸಿ, ತುದಿಗೆ ಕೊಂಡಿ ಬಗ್ಗಿಸಿದ್ದ. ಊಟದ ಚೀಲ ಕೊಂಡಿಗೆ ತೂಗುಹಾಕಿ, ಅವ್ವನ ಕೈಗೆ ಪೈಪು ಕೊಟ್ಟ. ಅಲ್ಲಿಯವರೆಗೆ ಮಂಚಕ್ಕೆ ಕಟ್ಟಿಹಾಕಿದಂತಿದ್ದ ಆಯಿ ಎದ್ದು ನಿಂತರು. ಮರುದಿನದಿಂದ ಗಾಡಿ ತಳ್ಳಿಕೊಂಡು ಅಂಗಳ, ಹಿತ್ತಲು, ಕೊನೆಗೆ ಶೆಡ್ಡಿನ ಬಾಗಿಲು. "ಲೇ, ಆ ಕಡೇ ಮಗ್ಗದಾಗ ನೂಲ ಹರದೈತಿ ನೋಡೋ! ಕಣ್ಣ ಎಲ್ಲಿ ಇಟ್ಟೀಯೋ?" ಕೆಲಸದವರು ನನಗೆ ದೂರು ಕೊಟ್ಟರು. "ಮೇಡಮ್ರ, ಆಯಿಗೆ ಪುಡಿ ಸ್ವಲ್ಪ ಕಡಿಮಿ ಹಾಕ್ರಿ, ಬಲ ಜಾಸ್ತಿ ಆಗೇತಿ."

ನೋಡಲು ಬಂದವರು ಉಂಡಿ ಮುಂದೆ ಮಾಡಿದರೆ ಆಯಿ ಚೀಲ ತೋರಿಸುತ್ತಿದ್ದರು. "ಊಟಾ ನಡದೈತಿ, ಕಾಣವಲ್ತೇನು? ಉಣ್ಣವರ ಬಾಯಾಗ ಮತ್ತ ತುರಕತೀರೇನು?"

ತೂಕ ಒಂದೇ ಏಟಿಗೆ ಏರಲಿಲ್ಲ. ಮೊದಲ ಸಲ ಇನ್ನೂ ಒಂದಿಷ್ಟು ಇಳಿದಿತ್ತು. ಮಗ ಮುಳ್ಳನ್ನು ನೋಡಿ, ನನ್ನನ್ನು ನೋಡಿ, ಹೊರಗೆ ಹೋದ. ನನಗೆ ಅವತ್ತು ಊಟ ಸೇರಲಿಲ್ಲ. ಮುಂದಿನ ಸಲ ಮುಳ್ಳು ಅಲ್ಲೇ ಇತ್ತು. ಇಳಿದಿಲ್ಲ ಅನ್ನುವುದನ್ನು ನಂಬದೆ ಆಯಿಯನ್ನು ಇಳಿಸಿ ಹತ್ತಿಸಿ ನೋಡಿದೆ. ಅದರ ಮುಂದಿನ ಸಲ ಮುಳ್ಳು ಕೂದಲೆಳೆಯಷ್ಟು ಬಲಕ್ಕೆ ಸರಿಯಿತು. ಆ ವಾರ ಸೊಸೆಯೂ ಹೇಳಿದಳು, ಜಿಡ್ಡು ಕಡಿಮೆಯಾಗಿದೆ, ಒಂದೇ ಸಲ ನೀರು ಹಾಕಿದರೆ ಸಾಕು. ನಾನು ಅಲ್ಲೇ ಅವಳನ್ನು ತಬ್ಬಿಕೊಂಡೆ. ಸಂಡಾಸದ ಸುದ್ದಿಗೆ ಯಾರಾದರೂ ಹೀಗೆ ಖುಷಿಪಡುತ್ತಾರೆಯೇ ಅಂತ ಅವಳು ನಗುತ್ತಲೇ ಇದ್ದಳು.

ಬೆಳಗಾವಿಗೆ ನಾನೂ ಹೋದೆ. ಗಾಡಿಯನ್ನು ಮಗ ಕಾರಿನ ಡಿಕ್ಕಿಗೆ ಹಾಕಿಕೊಂಡಿದ್ದ. ಆಯಿ ಸರ್ಜನ್ ಕೋಣೆಗೆ ಅದನ್ನು ತಳ್ಳಿಕೊಂಡೇ ಬಂದರು. ಸರ್ಜನ್ ರಕ್ತದ ವರದಿ ನೋಡಿದರು, ಗಾಯ ನೋಡಿದರು, ತಾವೇ ನಿಂತು ತೂಕ ನೋಡಿದರು.

"ಹೊತ್ತ ಮುಳುಗೂದ್ರಾಗ ಇಷ್ಟೆಲ್ಲಾ ಉಂಡ್ರೇನು?" ಅಂದರು.

"ಉಂಡಿಲ್ರಿ, ಉಣಿಸ್ಯಾರ" ಅಂದರು ಆಯಿ, ಸೊಸೆಯ ಕಡೆ ಗದ್ದ ಎತ್ತಿ.

"ತಡಾ ಆಗಿಲ್ಲ. ಬರೂ ವಾರ ಕೀಮೋ ಚಾಲೂ ಮಾಡೂಣು."

ಸೊಸೆ ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಸರ್ಜನ್ ಚೀಟಿ ಬರೆಯಲು ಪೆನ್ನು ತೆಗೆದರು. ಮಗ ಮಾತ್ರ ಮೇಜಿನ ಹತ್ತಿರ ಸರಿದು, ಚೀಟಿಯ ಮೇಲೆ ಕೈ ಇಟ್ಟ.

"ಸರ್, ತಪ್ಪ ತಿಳ್ಕೋಬ್ಯಾಡ್ರಿ. ಬರಿಯೂಕಿಂತ ಮೊದಲ ಆ ಔಷಧದಾಗ ಏನೇನೈತಿ ಅಂತ ನಮ್ಮವ್ವಗ ಹೇಳ್ರಿ. ಅಕಿ ಹೂಂ ಅಂದ ಮ್ಯಾಲ ಬರೀರಿ."

ಸರ್ಜನ್ ಪೆನ್ನು ಕೆಳಗಿಟ್ಟು, ಕುರ್ಚಿಯನ್ನು ಆಯಿಯ ಹತ್ತಿರಕ್ಕೆ ಎಳೆದುಕೊಂಡರು.